ರೆಪ್ಪೆಯ ಕೆಂಪು ಮಚ್ಚೆ ಇಳಿಯಿತು, ಎಲ್ಲರಿಗೂ ಧನ್ಯವಾದ

ಮಗಳ ಔಷಧಿ ನಿಲ್ಲಿಸಬಹುದು ಅಂತ ಡಾಕ್ಟರ್ ಹೇಳಿದ್ದಾರೆ. ಬಲಗಣ್ಣಿನ ಮೇಲ್ರೆಪ್ಪೆಯಲ್ಲಿದ್ದ ಸ್ಟ್ರಾಬೆರಿ ಮಚ್ಚೆ (ಕೂಸುಗಳಿಗೆ ಬರುವ ರಕ್ತನಾಳಗಳ ಕೆಂಪು ಗಡ್ಡೆ, ಕ್ಯಾನ್ಸರ್ ಅಲ್ಲ) ಚಪ್ಪಟೆಯಾಗಿದೆ, ಬಣ್ಣವೂ ಮಾಸಿದೆ. ಕಣ್ಣು ಪೂರ್ತಿ ಬಿಡುತ್ತಾಳೆ. ಜೊತೆಗಿದ್ದವರಿಗೆ ಹೇಳುವುದು ಬಹಳ ಬಾಕಿ ಇದೆ.

ಮೊದಲು ಲಸಿಕೆ ಹಾಕುವ ಸಿಸ್ಟರ್‌ಗೆ. ಒಂದೂವರೆ ತಿಂಗಳ ಇಂಜೆಕ್ಷನ್ ಹಾಕಿ ಸುಮ್ನೆ ಕಳಿಸಬಹುದಿತ್ತು. "ಹುಟ್ಟಿದಾಗಲೇ ಇತ್ತಾ ಇದು?" ಅಂತ ಕೇಳಿದಿರಿ. ಇರಲಿಲ್ಲ. ಸೊಳ್ಳೆ ಕಚ್ಚಿದ ಗುರುತಿನ ಹಾಗೆ ಶುರುವಾಗಿ ಉಬ್ಬುತ್ತಾ ಹೋಗಿತ್ತು. "ಇವತ್ತೇ ಡಾಕ್ಟರಿಗೆ ತೋರಿಸಿಕೊಂಡೇ ಹೋಗಿ" ಅಂದಿರಿ. ಇಂಥ ಮಚ್ಚೆ ಅತಿ ಜೋರಾಗಿ ಬೆಳೆಯುವುದು ಆ ವಾರಗಳಲ್ಲೇ ಅಂತ ಆಮೇಲೆ ಗೊತ್ತಾಯಿತು.

ಮಕ್ಕಳ ಡಾಕ್ಟರಿಗೆ ಎರಡು ಧನ್ಯವಾದ. ಒಂದು, ಮನೆಯ ಹಿರಿಯರ ಎದುರಿಗೇ "ಇದು ಗ್ರಹಣದಿಂದ ಬಂದದ್ದಲ್ಲ, ತಾಯಿ ತಿಂದದ್ದರಿಂದಲೂ ಅಲ್ಲ" ಅಂದದ್ದಕ್ಕೆ. ನೂರು ಕೂಸುಗಳಲ್ಲಿ ನಾಲ್ಕೈದಕ್ಕೆ ಬರುತ್ತದಂತೆ, ಹೆಣ್ಣುಮಕ್ಕಳಿಗೆ, ತಿಂಗಳು ತುಂಬದೆ ಹುಟ್ಟಿದವರಿಗೆ ಜಾಸ್ತಿ. ಎರಡು, ಕಾಯಿಸದೇ ಇದ್ದದ್ದಕ್ಕೆ. "ತಾನಾಗೇ ಹೋಗುತ್ತೆ ಬಿಡಿ" ಅಂತ ಎಲ್ಲರೂ ಹೇಳಿದರು. ಬೆನ್ನಲ್ಲೋ ತೊಡೆಯಲ್ಲೋ ಇದ್ದಿದ್ದರೆ ಆ ಮಾತು ಸರಿಯೇ. ಹೆಚ್ಚಿನವು ವರ್ಷದ ನಂತರ ಕುಗ್ಗುತ್ತಾ, ನಾಲ್ಕೈದು ವರ್ಷದೊಳಗೆ ಬಹುಪಾಲು ಇಳಿದುಬಿಡುತ್ತವೆ. ಆದರೆ ರೆಪ್ಪೆ ಭಾರವಾಗಿ ಕಣ್ಣು ಮುಚ್ಚಿದರೆ, ಗುಡ್ಡೆಯನ್ನು ಒತ್ತಿದರೆ, ಆ ಕಣ್ಣಿನ ನೋಟ ಸರಿಯಾಗಿ ಬೆಳೆಯದೆ ಹೋಗಬಹುದು. ಮಚ್ಚೆ ಹೋದ ಮೇಲೂ ಆ ನಷ್ಟ ಉಳಿಯಬಹುದು.

ಪ್ರೊಪ್ರನೊಲಾಲ್ ಅಂದಾಗ ನಾವು ಹೆದರಿದ್ದು ನಿಜ. ನಮ್ಮ ಮಾವ ಬಿಪಿಗೆ ನುಂಗುತ್ತಿದ್ದ ಮಾತ್ರೆ ಅದು! ಫ್ರಾನ್ಸಿನ ಬೋರ್ಡೊ ನಗರದ ಕಥೆಯನ್ನು ಡಾಕ್ಟರ್ ಕೂತು ಹೇಳಿದರು. ಮೂಗಿನ ಮೇಲೆ ಇಂಥದ್ದೇ ಗಡ್ಡೆ ಇದ್ದ ಮಗುವಿಗೆ ಸ್ಟೀರಾಯ್ಡ್ ಕೊಡುತ್ತಿದ್ದಾಗ ಹೃದಯದ ತೊಂದರೆ ಕಾಣಿಸಿತಂತೆ. ಅದಕ್ಕೆಂದು ಪ್ರೊಪ್ರನೊಲಾಲ್ ಕೊಟ್ಟರೆ ಮರುದಿನವೇ ಗಡ್ಡೆ ಮೆತ್ತಗಾಗಿ ಬಣ್ಣ ಬದಲಾಯಿತು. ಕ್ರಿಸ್ಟೀನ್ ಲೆಯೋತೆ-ಲಾಬ್ರೆಜ್ ಮತ್ತು ಜೊತೆಗಾರರು 2008ರಲ್ಲಿ ಅದನ್ನು ಪ್ರಕಟಿಸಿದರು. ಅವರು ಕನ್ನಡ ಓದುವುದಿಲ್ಲ, ಆದರೂ ಥ್ಯಾಂಕ್ಸ್ ಹೇಳದೆ ಇರಲಾರೆ.

ಇನ್ನು ನಮ್ಮತ್ತೆ. ಇಸಿಜಿ ನೋಡಿ ಔಷಧಿ ಶುರುವಾದ ದಿನದಿಂದ ಮನೆಯ ಪೊಲೀಸ್ ಅವರೇ. ಹೊಟ್ಟೆ ಖಾಲಿ ಇದ್ದಾಗ ಕೊಟ್ಟರೆ ಕೂಸಿನ ಸಕ್ಕರೆ ಅಂಶ ಇಳಿಯುತ್ತದೆ. ವಾಂತಿ ಮಾಡಿಕೊಂಡರೆ, ಹಾಲು ಬಿಟ್ಟರೆ ಆ ಹೊತ್ತಿನದ್ದು ಕೊಡಬಾರದು. ಉಬ್ಬಸ ಬಂದರೆ ನಿಲ್ಲಿಸಿ ಫೋನ್ ಮಾಡಬೇಕು. "ಹಾಲು ಕುಡಿದಳಾ?" ಅಂತ ಕೇಳದೆ ಅತ್ತೆ ಸಿರಿಂಜ್ ಮುಟ್ಟಲು ಬಿಡಲಿಲ್ಲ. ರಾತ್ರಿ ನಾನು ನಿದ್ದೆಗಣ್ಣಲ್ಲಿದ್ದರೆ ಅವರೇ ಎದ್ದು ಕೂತರು. ಅತ್ತೆ, ನೀವಿಲ್ಲದೆ ಆಗ್ತಿರಲಿಲ್ಲ.

ಮೆಡಿಕಲ್ ಅಂಗಡಿಯ ಅಣ್ಣನಿಗೂ ಋಣಿ. ಮಗಳ ತೂಕ ಏರಿದಂತೆ ಅಳತೆ ಬದಲಾಗುತ್ತಿತ್ತು. ಪ್ರತಿ ಸಲ ಚೀಟಿ ಎರಡೆರಡು ಬಾರಿ ಓದಿ, ಸಿರಿಂಜಿನ ಮೇಲೆ ಪೆನ್ನಿನಲ್ಲಿ ಗೆರೆ ಎಳೆದು ಕೊಟ್ಟಿರಿ.

ರೆಪ್ಪೆಯ ಚರ್ಮ ಸ್ವಲ್ಪ ಸಡಿಲವಾಗಿದೆ, ಸಣ್ಣ ಕೆಂಪು ಎಳೆಗಳು ಉಳಿದಿವೆ. ಇರಲಿ ಬಿಡಿ. ಮಚ್ಚೆ ಮತ್ತೆ ಉಬ್ಬುತ್ತದಾ ಅಂತ ಕೆಲವು ತಿಂಗಳು ಗಮನಿಸಬೇಕು, ಕಣ್ಣಿನ ತಪಾಸಣೆಯೂ ಮುಂದುವರಿಯುತ್ತದೆ. ಮುಂದಿನ ತಿಂಗಳು ಮಗಳ ಜವಳ. ಸಿಸ್ಟರ್, ನೀವು ಬರಲೇಬೇಕು. ಮೆಡಿಕಲ್ ಅಣ್ಣ, ಅವತ್ತೊಂದು ದಿನ ಅಂಗಡಿ ಬೇಗ ಮುಚ್ಚಿ.