ಅವರಿಗೆ ಗೊತ್ತಿಲ್ಲ ಅಂದೆಯಲ್ಲ

ಮೈಸೂರು

ಪುಟ್ಟೀ,

ನಿನ್ನ ಮೇಲ್ ಓದಿದೆ. ಮನೆ ಬದಲಾಯಿಸಿದ್ದು, ಹೊಸ ಎಚ್‌ಒಡಿ, ನಿನ್ನ ಪಿಎಚ್‌ಡಿ ಗೈಡ್ ರಗಳೆ ಎಲ್ಲ ನಿಮ್ಮಮ್ಮ ಫೋನಿನಲ್ಲಿ ಆಗಲೇ ಹೇಳಿದ್ದಾಳೆ. ಅದಕ್ಕೆಲ್ಲ ಮತ್ತೆ ಉತ್ತರ ಬರೆಯುತ್ತಾ ಕೂರುವುದಿಲ್ಲ. ಕೊನೆಯಲ್ಲಿ ನೀನು ಕಂಪ್ಯೂಟರ್ ಸೈನ್ಸ್ ಕಲಿಸುವ ಎಂಜಿನಿಯರಿಂಗ್ ಮಕ್ಕಳ ಬಗ್ಗೆ ಒಂದು ಮಾತು ಸೇರಿಸಿದ್ದೀಯಲ್ಲ, "ನಾನು ಪಾಸ್ ಮಾಡಿಸ್ತಿರೋ ಮಕ್ಕಳಿಗೆ ಏನೂ ಬರಲ್ಲ ದೊಡ್ಡಮ್ಮ. ಅದು ನಂಗೆ ಗೊತ್ತು. ಅವರಿಗೆ ಗೊತ್ತಿಲ್ಲ" ಅಂತ. ಅದನ್ನು ಓದಿದಾಗಿನಿಂದ ನನಗೆ ನೆಮ್ಮದಿ ಇಲ್ಲ.

ಮೊದಲರ್ಧ ಹೊಸದೇನಲ್ಲ. ಈಗಿನ ಮಕ್ಕಳಿಗೆ ಏನೂ ಬರಲ್ಲ ಅನ್ನುವುದು ಎಲ್ಲ ಸ್ಟಾಫ್ ರೂಮಿನ ಮಾತು. ನಾನು ಕೆಲಸಕ್ಕೆ ಸೇರಿದಾಗಲೂ ಇತ್ತು, ರಿಟೈರ್ ಆದಾಗಲೂ ಇತ್ತು. ನನ್ನನ್ನು ಕೊರೆಯುತ್ತಿರುವುದು ಉಳಿದರ್ಧ. ಅವರಿಗೆ ಗೊತ್ತಿಲ್ಲ. ಲ್ಯಾಬಿನಲ್ಲಿ ಪ್ರೋಗ್ರಾಮ್ ಓಡುತ್ತದೆ, ಔಟ್‌ಪುಟ್ ಸರಿ, ರೆಕಾರ್ಡ್ ಅಚ್ಚುಕಟ್ಟು, ಇಂಟರ್ನಲ್ಸ್‌ನಲ್ಲಿ ಪೂರ್ತಿ ಅಂಕ. ಮಧ್ಯದ ಒಂದೇ ಒಂದು ಸಾಲು ಅಳಿಸಿ ನೀನೇ ಬರಿ ಅಂದರೆ ಒಬ್ಬ ಹುಡುಗಿ ಸುಮ್ಮನೆ ನಿನ್ನ ಮುಖ ನೋಡಿದಳು ಅಂತ ಬರೆದಿದ್ದೀಯ. ಚಾಟ್‌ಜಿಪಿಟಿ ಬರೆದುಕೊಟ್ಟದ್ದು ಅಂತ ನಿನಗೂ ಗೊತ್ತು, ಅವಳೂ ಮುಚ್ಚಿಡಲಿಲ್ಲ. ಅವಳು ಸುಳ್ಳು ಹೇಳಿದ್ದರೆ ನನಗೆ ಇಷ್ಟು ಭಯ ಆಗುತ್ತಿರಲಿಲ್ಲ. ತನಗೆ ಬರುತ್ತದೆ ಅಂತಲೇ ಅವಳು ನಂಬಿದ್ದಾಳೆ, ಅಲ್ವಾ?

ನಾವು ಕಲಿಯುವಾಗ ಹಾಗೆ ನಂಬಿಕೊಂಡಿರಲು ಆಸ್ಪದವೇ ಇರಲಿಲ್ಲ. ನಾನು ಓದಿದ್ದು ಎಲೆಕ್ಟ್ರಾನಿಕ್ಸ್, ಅದರಲ್ಲಿ ಫೋರ್ಟ್ರಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಒಂದು ಪೇಪರ್. ಪುಸ್ತಕ ವಿ. ರಾಜಾರಾಮನ್ ಅವರದು. 1963ರಲ್ಲಿ ಐಐಟಿ ಕಾನ್ಪುರಕ್ಕೆ ಐಬಿಎಂ 1620 ಕಂಪ್ಯೂಟರ್ ಬಂತಲ್ಲ, ಆಗಿನ ಕಾಲದಿಂದ ಅಲ್ಲಿ ಪ್ರೋಗ್ರಾಮಿಂಗ್ ಕಲಿಸಿದವರು, 1982ರಲ್ಲಿ ಬೆಂಗಳೂರಿನ ಐಐಎಸ್‌ಸಿಗೆ ಬಂದರು. ಕಡಿಮೆ ಬೆಲೆಯ ಪುಸ್ತಕ. ನಮ್ಮಲ್ಲಿ ಎಷ್ಟೋ ಜನ ಕಂಪ್ಯೂಟರಿನ ಮುಖ ನೋಡುವ ಮೊದಲೇ ಅದನ್ನು ಓದಿ ಪ್ರೋಗ್ರಾಮ್ ಬರೆದವರು. ಕೋಡಿಂಗ್ ಶೀಟಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯಬೇಕು. ಕಾರ್ಡ್ ಪಂಚ್ ಮಾಡಬೇಕು. ಕಟ್ಟನ್ನು ಕಂಪ್ಯೂಟರ್ ಸೆಂಟರಿಗೆ ಕೊಟ್ಟು ಮನೆಗೆ ಹೋಗಬೇಕು. ಪ್ರಿಂಟ್‌ಔಟ್ ಸಿಗುವುದು ಮಾರನೇ ದಿನ. ಒಂದು ಕಾಮಾ ತಪ್ಪಿದ್ದರೂ ಆ ಉದ್ದನೆಯ ಕಾಗದದಲ್ಲಿ ಬರೀ ಎರರ್. ಹಾಗಾಗಿ ಕೊಡುವ ಮೊದಲು ಎಲ್ಲರೂ ಕೂತು ಡ್ರೈ ರನ್ ಮಾಡುತ್ತಿದ್ದೆವು, ಅಂದರೆ ಯಂತ್ರ ಮಾಡುವುದನ್ನೇ ಕಾಗದದ ಮೇಲೆ ಸಾಲು ಸಾಲಾಗಿ ಮಾಡಿ ನೋಡುತ್ತಿದ್ದೆವು. ಅದು ಒಳ್ಳೆಯ ಕಾಲ ಅಂತ ಹೇಳುತ್ತಿಲ್ಲ. ಬೇಜಾರಿನ ಕಾಲ. ಆದರೆ ನಿನಗೆ ಬರುವುದಿಲ್ಲ ಅನ್ನುವುದನ್ನು ಆ ಯಂತ್ರ ಮುಖಕ್ಕೇ ಹೇಳುತ್ತಿತ್ತು.

ನಿನ್ನ ಮೇಲ್ ಓದಿದ ರಾತ್ರಿ ನಿದ್ದೆ ಬರಲಿಲ್ಲ, ಲ್ಯಾಪ್‌ಟಾಪ್ ತೆಗೆದು ಫ್ಯಾಕ್ಟೋರಿಯಲ್ ಪ್ರೋಗ್ರಾಮ್ ಬರೆದೆ, ಒಂದರಿಂದ ಕೊಟ್ಟ ಸಂಖ್ಯೆಯವರೆಗೆ ಎಲ್ಲವನ್ನೂ ಗುಣಿಸುವುದು. ನಗಬೇಡ. ಸಿ ಭಾಷೆಯನ್ನು ಟರ್ಬೊ ಸಿಯಲ್ಲಿ ಕಲಿಸುತ್ತಿದ್ದ ಕಾಲದಲ್ಲಿ, ಆ ನೀಲಿ ಪರದೆಯಲ್ಲಿ, ಇಂಟ್, ಅಂದರೆ ಒಂದು ಪೂರ್ಣಾಂಕ ಇಡುವ ಜಾಗ, 16 ಬಿಟ್. 32767 ದಾಟುವಂತಿಲ್ಲ. 7ರ ಫ್ಯಾಕ್ಟೋರಿಯಲ್ 5040, ಸರಿಯಾಗಿ ಬರುತ್ತಿತ್ತು. 8 ಕೊಟ್ಟರೆ 40320 ಬರಬೇಕು, ಬರುತ್ತಿದ್ದದ್ದು -25216. ಗುಣಾಕಾರ ಮಾಡಿದರೆ ಮೈನಸ್ ಹೇಗೆ ಬಂತು ಮೇಡಂ ಅಂತ ಕೊನೇ ಬೆಂಚಿನವನೂ ಎದ್ದು ನಿಲ್ಲುತ್ತಿದ್ದ. ಅಲ್ಲಿಂದ ನನ್ನ ಪಾಠ ಶುರು. ಬಿಟ್ ಅಂದರೇನು, ಸೈನ್ ಬಿಟ್ ಅಂದರೇನು, ಜಾಗ ಸಾಲದೆ ಹೋದರೆ ಏನಾಗುತ್ತದೆ. ಸಿಲಬಸ್ಸಿನಲ್ಲಿ ಅದಕ್ಕೆ ಒಂದು ಗಂಟೆಯೂ ಇರಲಿಲ್ಲ, ಆ ಮೈನಸ್ಸೇ ನನಗೆ ಗಂಟೆ ಕೊಡಿಸುತ್ತಿತ್ತು.

ಈಗಿನ ಕಂಪೈಲರಿನಲ್ಲಿ ಇಂಟ್ ಸಾಮಾನ್ಯವಾಗಿ 32 ಬಿಟ್. 12ರವರೆಗೆ ಸರಿ. 13 ಕೊಟ್ಟೆ. ನನ್ನ ಲ್ಯಾಪ್‌ಟಾಪ್ 1932053504 ಅಂತ ತೋರಿಸಿತು. ಬರಬೇಕಾದದ್ದು 6227020800. ನೋಡು, ಮೈನಸ್ ಇಲ್ಲ. ಹತ್ತಂಕಿಯ ಸಭ್ಯ ಸಂಖ್ಯೆ. ಯಾರಿಗೂ ಅನುಮಾನ ಬರುವುದಿಲ್ಲ, ಪ್ರಿಂಟ್ ತೆಗೆದು ರೆಕಾರ್ಡಿಗೆ ಅಂಟಿಸಿದರೆ ನಾನೂ ಸಹಿ ಹಾಕಿಬಿಡುತ್ತಿದ್ದೆನೇನೋ. ಅದನ್ನೇ ನೋಡುತ್ತಾ ಕೂತಿದ್ದೆ. ನೀನು ಹೇಳಿದ ಹೆದರಿಕೆ ಇದೇ ತಾನೆ? ತಪ್ಪು ಈಗ ತಪ್ಪಿನ ಹಾಗೆ ಕಾಣುವುದಿಲ್ಲ.

ಪೈಥಾನ್ ಭಾಷೆಯಲ್ಲಿ ಇದೆಲ್ಲ ಇಲ್ಲ, ಅಲ್ಲಿ ಪೂರ್ಣಾಂಕ ಎಷ್ಟು ದೊಡ್ಡದಾದರೂ ಸರಿಯಾಗೇ ಬರುತ್ತದೆ. ಒಳ್ಳೆಯದೇ. ಆದರೆ ಜಾಗ ಅನ್ನುವುದೊಂದು ಇದೆ, ಅದು ಮುಗಿಯುತ್ತದೆ ಅನ್ನುವುದು ಆ ಹುಡುಗಿಗೆ ನಾಲ್ಕು ವರ್ಷದಲ್ಲಿ ಎಲ್ಲಾದರೂ ಒಂದು ಕಡೆ ಎದುರಾಗಬೇಕಲ್ಲ.

ಸಿಲಬಸ್ ಕಮಿಟಿಗೆ ನಿನ್ನನ್ನು ಹಾಕಿದ್ದಾರೆ, ಮೊದಲ ಸೆಮಿಸ್ಟರಿನಿಂದ ಸಿ ತೆಗೆದು ಪೈಥಾನ್ ಹಾಕೋಣ, ಐದನೇ ಸೆಮಿಸ್ಟರಿಗೆ ಜನರೇಟಿವ್ ಎಐ ಪೇಪರ್ ತರೋಣ ಅನ್ನುತ್ತಿದ್ದಾರೆ ಅಂತ ಬರೆದಿದ್ದೀಯ. ತರಲಿ ಬಿಡು. ಅದರಲ್ಲಿ ನಿನ್ನ ಶಕ್ತಿ ಕಳೆಯಬೇಡ. ಸಿಲಬಸ್ ಹಳೆಯದು ಅನ್ನುವುದು ನಿನ್ನ ಹೆದರಿಕೆ ಅಲ್ಲ ಅಂತ ನನಗೆ ಗೊತ್ತು, ಆದರೂ ಹೇಳುತ್ತೇನೆ, ಸಿಲಬಸ್ ಹಳತಾಗುವುದರಿಂದ ಮಕ್ಕಳು ಹಾಳಾಗಿದ್ದನ್ನು ನಾನು ಅಷ್ಟಾಗಿ ನೋಡಿಲ್ಲ. ಅಮೆರಿಕದ ಕಂಪ್ಯೂಟರ್ ತಜ್ಞರ ಸಂಘ ಎಸಿಎಂನವರು 1968ರಲ್ಲೇ ಕಂಪ್ಯೂಟರ್ ಸೈನ್ಸ್ ಪದವಿಗೆ ಪಠ್ಯಕ್ರಮ ಬರೆದರು. ಮತ್ತೆ 1978, 1991, 2001, 2013, 2023. ಹತ್ತು ಹನ್ನೆರಡು ವರ್ಷಕ್ಕೊಮ್ಮೆ ಕೂತು ಹೊಸದಾಗಿ ಬರೆಯುತ್ತಾರೆ. 1968ರ ಪಟ್ಟಿಯಲ್ಲಿ ಡಿಸ್ಕ್ರೀಟ್ ಸ್ಟ್ರಕ್ಚರ್ಸ್, ಡೇಟಾ ಸ್ಟ್ರಕ್ಚರ್ಸ್ ಇದ್ದವು, ನಿನ್ನ ಪಟ್ಟಿಯಲ್ಲೂ ಇವೆ. ಅಂದು ನ್ಯೂಮರಿಕಲ್ ಅನಾಲಿಸಿಸ್ ಜೋರಾಗಿತ್ತು, ಇಂದು ಮೂಲೆ ಸೇರಿದೆ. ನಮ್ಮಲ್ಲೂ 1998ರಲ್ಲಿ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳಿಗೆ ಅಂತ ವಿಟಿಯು ವಿಶ್ವವಿದ್ಯಾಲಯ ಆದ ಮೇಲೆ 2002, 2006, 2010, 2015, ಹೀಗೆ ಸ್ಕೀಮ್, ಅಂದರೆ ಪಠ್ಯಕ್ರಮ, ಬದಲಾಗುತ್ತಲೇ ಬಂತು. ಒಂದೊಂದು ಸಲವೂ ಲೆಸನ್ ಪ್ಲಾನ್ ಹೊಸದಾಗಿ ಬರೆದದ್ದೇ ಬಂತು. ಪರದೆಯ ಮೇಲೆ ಚಿತ್ರ ಬಿಡಿಸುವ ಓಪನ್‌ಜಿಎಲ್‌ನಲ್ಲಿ ಜಿಎಲ್‌ಬಿಗಿನ್ ಅನ್ನುವ ಆಜ್ಞೆಯನ್ನು 2008ರಲ್ಲೇ ಹಳತು ಅಂತ ಬದಿಗಿಟ್ಟರು. ನಮ್ಮ ಗ್ರಾಫಿಕ್ಸ್ ಲ್ಯಾಬಿನಲ್ಲಿ ಅದಾಗಿ ಎಷ್ಟೋ ವರ್ಷ ಮಕ್ಕಳು ಅದರಲ್ಲೇ ತ್ರಿಕೋನ ಬಿಡಿಸುತ್ತಿದ್ದರು. ಯಾಕೆ ತಿರುಗಿತು, ಯಾವ ಮ್ಯಾಟ್ರಿಕ್ಸ್ ಮೊದಲು ಗುಣಿಸಿದೆ ಅಂತ ತಲೆ ಕೆಡಿಸಿಕೊಂಡವರು ಆಮೇಲೆ ಹೊಸದನ್ನೂ ಕಲಿತುಕೊಂಡರು.

ಸಿಲಬಸ್ ತೀರ್ಮಾನಿಸುವ ಬಿಓಎಸ್ ಮಂಡಳಿಯ ಮೀಟಿಂಗಿಗೆ ಮೊದಲ ಸಲ ಹೋಗುತ್ತಿದ್ದೀಯ, ಒಂದು ಗುಟ್ಟು ಹೇಳಲಾ? ಅಲ್ಲಿ ಒಂದು ಪೇಪರ್ ಉಳಿಯುವುದು ಮಕ್ಕಳಿಗೆ ಬೇಕು ಅಂತಲ್ಲ. ಅದನ್ನು ತೆಗೆದರೆ ಯಾರದೋ ವರ್ಕ್‌ಲೋಡ್ ಬೀಳುತ್ತದೆ. ಕಂಪನಿಯಿಂದ ಬಂದ ಸದಸ್ಯರು ಕ್ಲೌಡ್ ಸೇರಿಸಿ, ಡಾಕರ್ ಸೇರಿಸಿ ಅನ್ನುತ್ತಾರೆ, ಗೋಡಂಬಿ ತಿಂದು ಹೋಗುತ್ತಾರೆ. ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇ 2018ರ ಮಾದರಿಯಲ್ಲಿ ಒಟ್ಟು ಕ್ರೆಡಿಟ್ 160ಕ್ಕೆ ಇಳಿಸಿದ ಮೇಲೆ ಸೇರಿಸುವುದೆಂದರೆ ಇನ್ನೊಂದನ್ನು ತೆಗೆಯುವುದು ಅಂತಲೇ ಅರ್ಥ, ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೊನೆಗೆ ಯಾವ ಪೇಪರ್ ಪದವಿಯ ಯಾವ ಗುರಿಗೆ ಎಷ್ಟು ಹೊಂದುತ್ತದೆ ಅನ್ನುವ ಸಿಓ-ಪಿಓ ಮ್ಯಾಪಿಂಗಿಗೆ ಮೂರು, ಎರಡು, ಒಂದು ಅಂತ ತುಂಬಿಸಿ ಮೀಟಿಂಗ್ ಮುಗಿಸುತ್ತಾರೆ. ನಾನೂ ತುಂಬಿಸಿದ್ದೇನೆ. ಲ್ಯಾಬ್ ಪರೀಕ್ಷೆ ಹೇಗಿರಬೇಕು ಅನ್ನುವುದರ ಮೇಲೆ ಅಲ್ಲಿ ಐದು ನಿಮಿಷ ಮಾತಾಡಿದ್ದು ನನಗೆ ನೆನಪಿಲ್ಲ.

ಅದೇ ನನ್ನನ್ನು ಚುಚ್ಚುವುದು. ನನ್ನ ಹತ್ತಿರ ಓದಿದ ಒಬ್ಬ ಹುಡುಗ ಇದ್ದ, ಹೆಸರು ಬೇಡ. ಕನ್ನಡ ಮೀಡಿಯಂನಿಂದ ಬಂದವನು, ಮರ್ಯಾದಸ್ಥ, ಕ್ಲಾಸ್ ತಪ್ಪಿಸಿದವನಲ್ಲ. ಲ್ಯಾಬ್ ಪರೀಕ್ಷೆಯಲ್ಲಿ ಚೀಟಿ ಎತ್ತಬೇಕು, ಅದರಲ್ಲಿ ಬಂದ ಪ್ರೋಗ್ರಾಮ್ ಬರೆಯಬೇಕು, ನಿನಗೆ ಗೊತ್ತೇ ಇದೆ. ಚೀಟಿಯಲ್ಲಿ ಬರುವುದು ವರ್ಷವಿಡೀ ಮಾಡಿದ ಅದೇ ಪ್ರೋಗ್ರಾಮುಗಳು. ಅವನು ಅಷ್ಟನ್ನೂ ಬಾಯಿಪಾಠ ಮಾಡಿದ್ದ. ಸೆಮಿಕೋಲನ್ ಸಮೇತ. ಲಿಂಕ್ಡ್ ಲಿಸ್ಟ್ ಬಂದರೂ ಸರಿ, ಕ್ಯೂ ಬಂದರೂ ಸರಿ, ಕಣ್ಣು ಮುಚ್ಚಿ ಟೈಪ್ ಮಾಡುತ್ತಿದ್ದ. ಪೂರ್ತಿ ಅಂಕ ಬಂತು. ವೈವಾದಲ್ಲಿ ಹೊರಗಿನಿಂದ ಬಂದ ಎಕ್ಸ್‌ಟರ್ನಲ್ ಪರೀಕ್ಷಕರು ಎರಡು ವ್ಯಾಖ್ಯೆ ಕೇಳಿದರು, ಅದೂ ಬಂತು. ಡಿಸ್ಟಿಂಕ್ಷನ್. ಕ್ಯಾಂಪಸ್‌ನಲ್ಲೇ ಒಂದು ದೊಡ್ಡ ಕಂಪನಿಗೆ ಆಯ್ಕೆಯಾದ. ಊರಿನಲ್ಲಿ ಸತ್ಯನಾರಾಯಣ ಪೂಜೆ ಮಾಡಿಸಿ ನನ್ನನ್ನೂ ಕರೆದಿದ್ದರು. ಮುಂದೆ ಆ ಕಂಪನಿಯ ಟ್ರೈನಿಂಗಿನ ಪರೀಕ್ಷೆಗಳಲ್ಲಿ ಪಾಸಾಗದೆ ವಾಪಸ್ ಬಂದ. ನನ್ನ ಹತ್ತಿರ ಬಂದಾಗ ಸಿಟ್ಟಿರಲಿಲ್ಲ. "ನಂಗೆ ಬರಲ್ಲ ಅಂತ ನಂಗೇ ಗೊತ್ತಿರ್ಲಿಲ್ಲ ಮೇಡಂ" ಅಂದ. ನೀನು ಬರೆದದ್ದು ಅದೇ ಮಾತಲ್ಲವಾ?

ಅವನಿಗೆ ಚಾಟ್‌ಜಿಪಿಟಿ ಇರಲಿಲ್ಲ ಪುಟ್ಟಿ. ಸೀನಿಯರಿನ ರೆಕಾರ್ಡ್ ಬುಕ್ ಇತ್ತು, ಅಷ್ಟೇ. ಹಾಗಾಗಿ ಇದೆಲ್ಲ ಈಗಿನ ಯಂತ್ರದಿಂದ ಬಂತು ಅಂತ ನೀನು ಹೇಳಿದರೆ ನಾನು ಪೂರ್ತಿ ಒಪ್ಪುವುದಿಲ್ಲ. ಜಾಸ್ತಿ ಆಗಿದೆ ಅಂದರೆ ಒಪ್ಪುತ್ತೇನೆ. ಬಾಯಿಪಾಠ ಮಾಡುವವನಿಗೆ ಕನಿಷ್ಠ ಆ ಕಷ್ಟ ಇತ್ತು, ಎಲ್ಲೋ ಒಳಗೆ ಒಂದು ಅನುಮಾನ ಇದ್ದಿರಬಹುದು. ನಿನ್ನ ಹುಡುಗಿಗೆ ಅದೂ ಇಲ್ಲ.

ಅವನು ಟೈಪ್ ಮಾಡುವಾಗ ಒಂದು ಸಲ ವೇರಿಯಬಲ್ ಹೆಸರು ಬದಲಾಯಿಸಿ ಬರಿ ನೋಡೋಣ ಅಂತ ಹೇಳಬೇಕು ಅಂತ ನನಗೆ ಅನಿಸಿತ್ತು. ಆ ಬ್ಯಾಚಿನಲ್ಲಿ ಇನ್ನೂ ಅಷ್ಟು ಹುಡುಗರು ಕಾಯುತ್ತಿದ್ದರು, ಎಕ್ಸ್‌ಟರ್ನಲ್‌ಗೆ ಬಸ್ಸಿನ ಹೊತ್ತಾಗಿತ್ತು. ಕೇಳಲಿಲ್ಲ. ಕೇಳಿದ್ದರೂ ಏನಾಗುತ್ತಿತ್ತೋ.

ಏನು ಮಾಡಲಿ ಅಂತ ನೀನು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಹಿಡಿಸದಿದ್ದರೆ ಬಿಡು. ನಾನು ಬಿಟ್ಟು ವರ್ಷಗಳಾದವು, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ಗಾಗಿ ನೀನು ತುಂಬುವ ಫೈಲುಗಳ ರಾಶಿ ನನ್ನ ತಲೆಯ ಮೇಲಿಲ್ಲ.

ಕಮಿಟಿಯಲ್ಲಿ ಸಿ ಬೇಕೋ ಪೈಥಾನ್ ಬೇಕೋ ಅನ್ನುವ ಜಗಳ ಬೇರೆಯವರಿಗೆ ಬಿಟ್ಟುಕೊಡು. ಮೊದಲು ಪೈಥಾನ್ ಇರಲಿ, ಸಿ ಮೂರನೇ ಸೆಮಿಸ್ಟರಿನಲ್ಲಿ ಡೇಟಾ ಸ್ಟ್ರಕ್ಚರ್ಸ್ ಜೊತೆಗೆ ಬಂದರೂ ಸಾಕು, ಬಂದರೆ ಸಾಕು. ನೀನು ಬಾಯಿ ತೆರೆಯಬೇಕಾದದ್ದು ಲ್ಯಾಬಿನ ಅಂಕ ಹೇಗೆ ಹಂಚುತ್ತಾರೆ ಅನ್ನುವಲ್ಲಿ. ನಿಮ್ಮ ಕಾಲೇಜು ಆಟಾನಮಸ್ ಆಯಿತಲ್ಲ, ಸಿಲಬಸ್ಸು ಪರೀಕ್ಷೆ ನಿಮ್ಮ ಕೈಯಲ್ಲೇ, ನಮಗೆ ಇರದ ಆ ಸ್ವಾತಂತ್ರ್ಯ ನಿಮಗಿದೆ. ಬರೆದು ಓಡಿಸಿದ್ದಕ್ಕೆ ಕಡಿಮೆ ಕೊಡಿ. ಓಡುತ್ತಿರುವ ಪ್ರೋಗ್ರಾಮಿನಲ್ಲಿ ಒಂದು ಸಾಲು ಬದಲಾಯಿಸಿದರೆ ಏನಾಗುತ್ತದೆ ಅಂತ ಮೊದಲೇ ಹೇಳುವುದಕ್ಕೆ ಜಾಸ್ತಿ ಕೊಡಿ. ಕಮಿಟಿಯವರು ಒಪ್ಪುವುದು ಕಷ್ಟ. ಫಲಿತಾಂಶ ಬೀಳುತ್ತದೆ ಅಂತ ಪ್ರಿನ್ಸಿಪಾಲರು ಹೆದರುತ್ತಾರೆ. ಒಂದೇ ಪೇಪರಿನಲ್ಲಿ ಮಾಡಿ ನೋಡೋಣ ಅಂತ ಕೇಳು.

ಚಾಟ್‌ಜಿಪಿಟಿ ಬೇಡ ಅಂತ ಬೋರ್ಡ್ ಹಾಕಬೇಡ, ಯಾರೂ ಕೇಳುವುದಿಲ್ಲ. ತಾ ಅನ್ನು. ಅದು ಬರೆದ ಪ್ರೋಗ್ರಾಮ್ ಪ್ರಿಂಟ್ ತಂದು, ಅದು ಎಲ್ಲಿ ಮುರಿಯುತ್ತದೆ ಅಂತ ಹುಡುಕಲಿ. ಖಾಲಿ ಲಿಸ್ಟ್ ಕೊಟ್ಟರೆ? ಒಂದೇ ನೋಡ್ ಇದ್ದರೆ? 13 ಕೊಟ್ಟರೆ? ಕಾಗದ, ಪೆನ್ಸಿಲ್, ಅರ್ಧ ಗಂಟೆ. ಇದಕ್ಕೆ ಅಂಕ ಇಡಬೇಡ. ಅಂಕ ಇಟ್ಟರೆ ಅದನ್ನೂ ಬಾಯಿಪಾಠ ಮಾಡುತ್ತಾರೆ, ನಮ್ಮ ಮಕ್ಕಳು ಜಾಣರು. ಆದಷ್ಟು ಬೇಗ ಮಾಡು, ಮೊದಲ ಸೆಮಿಸ್ಟರಿನ ಮೊದಲ ತಿಂಗಳಲ್ಲೇ. ತನಗೆ ಬರಲ್ಲ ಅಂತ ಕ್ಲಾಸಿನಲ್ಲಿ ಗೊತ್ತಾದರೆ ಒಂದು ಸಂಜೆ ಬೇಜಾರಾಗುತ್ತದೆ. ಕೆಲಸದ ಮೇಲೆ ಗೊತ್ತಾದರೆ ಏನಾಗುತ್ತದೆ ಅನ್ನುವುದನ್ನು ನಾನು ನೋಡಿದ್ದೇನೆ.

ಅರವತ್ತು ಜನರನ್ನು ಒಬ್ಬೊಬ್ಬರಾಗಿ ಕೂರಿಸಿ ಕೇಳಲು ಆಗುವುದಿಲ್ಲ, ಗೊತ್ತು. ವಾರಕ್ಕೆ ನಾಲ್ಕು ಜನ ಆದರೂ ಸಾಕಾ ಅಂತ ಲೆಕ್ಕ ಹಾಕಿದೆ, ಒಂದು ಸುತ್ತಿಗೇ ಹದಿನೈದು ವಾರ, ಸೆಮಿಸ್ಟರೇ ಮುಗಿದುಹೋಗುತ್ತದೆ. ಎಲ್ಲರನ್ನೂ ಮುಟ್ಟಲು ಆಗುವುದಿಲ್ಲ ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ನೀನು ಅವರಿಗೆ ಮೋಸ ಮಾಡುತ್ತಿದ್ದೀಯ ಅಂತ ಮಾತ್ರ ಅಂದುಕೊಳ್ಳಬೇಡ. ಹಾಗಂತ ನೀನು ಬರೆದಿಲ್ಲ, ಆದರೆ ಆ ಸಾಲಿನ ಹಿಂದೆ ಅದೇ ಇದೆ ಅಂತ ನನಗೆ ಅನಿಸಿತು. ಸಾಲು ಅಳಿಸಿ ನೋಡಿದ್ದು ನೀನು. ನಾನು ಅದನ್ನೂ ಮಾಡಿರಲಿಲ್ಲ.

ಮೀಟಿಂಗಿಗೆ ಮುಂಚೆ ಡ್ರಾಫ್ಟ್ ಕಳಿಸು. ಕೋರ್ಸ್ ಔಟ್‌ಕಮ್‌ಗಳ ಪುಟಗಳು ಬೇಡ, ಕಣ್ಣು ನೋಯುತ್ತದೆ. ಡೇಟಾ ಸ್ಟ್ರಕ್ಚರ್ಸ್ ಲ್ಯಾಬಿನ ಪ್ರೋಗ್ರಾಮುಗಳ ಪಟ್ಟಿ, ಅಂಕ ಹಂಚಿಕೆ, ಇವೆರಡು ಸಾಕು. ಒಂದೊಂದು ಪ್ರೋಗ್ರಾಮಿಗೂ ಮುರಿಯುವ ಜಾಗ ಎಲ್ಲಿದೆ ಅಂತ ನಾನು ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಫೋಟೋ ತೆಗೆದು ಕಳಿಸುತ್ತೇನೆ. ಶುಕ್ರವಾರದೊಳಗೆ ಬಂದರೆ ಶನಿವಾರ, ಭಾನುವಾರ ಕೂತು ಮುಗಿಸಬಹುದು.

ನಿನ್ನ,
ದೊಡ್ಡಮ್ಮ