ಬೋರ್ಡೋ ದ್ರಾವಣದಲ್ಲಿ ಅದ್ದಿದ ಚೂರಿ

ಪ್ರಿಯ ಗೆಳೆಯ,

ತೋಟಕ್ಕೆ ಔಷಧ ಹೊಡೆದು ಮುಗಿದಿದೆ, ಈಗ ಸ್ವಲ್ಪ ಪುರುಸೊತ್ತಿದೆ, ತಲೆಗೆ ಕೆಲಸ ಕೊಡುವಂಥ ಪಾಡ್‌ಕಾಸ್ಟ್‌ಗಳ ಹೆಸರು ಕಳಿಸು ಎಂದು ಬರೆದಿದ್ದೀಯ. ಹೆಸರುಗಳಿಗೆ ಮೊದಲು, ಹೋದ ಮಳೆಗಾಲದಲ್ಲಿ ನಿನ್ನ ತೋಟದಲ್ಲಿ ಕಂಡ ಒಂದು ಸಂಗತಿಯನ್ನು ನಿನಗೇ ನೆನಪಿಸಬೇಕಾಗಿದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ, ಮೈಲುತುತ್ತ ಮತ್ತು ಸುಣ್ಣ ಬೆರೆತ ಬೋರ್ಡೋ ದ್ರಾವಣದ ನೀಲಿಗೆ ನಾನು ಮರುಳಾಗಿ ನಿಂತಿದ್ದಾಗ, ನೀನು ಚೂರಿಯೊಂದನ್ನು ಉಜ್ಜಿ ಡ್ರಮ್ಮಿನೊಳಗೆ ಅದ್ದಿ, ಅಲಗಿನ ಮೇಲೆ ತಾಮ್ರದ ಕೆಂಪು ಕೂತದ್ದನ್ನು ನೋಡಿ, "ಸುಣ್ಣ ಸಾಲದು" ಎಂದು ಇನ್ನಷ್ಟು ಸುಣ್ಣದ ನೀರು ಸುರಿದೆ. ಹೊಸ ಕಾರ್ಯಕ್ರಮ ಸಿಕ್ಕಾಗ ನಾನೂ ಹಾಗೊಂದು ಚೂರಿ ಅದ್ದುತ್ತೇನೆ: ನನಗೆ ಚೆನ್ನಾಗಿ ಗೊತ್ತಿರುವ ವಿಷಯದ ಸಂಚಿಕೆಯನ್ನೇ ಮೊದಲು ಕೇಳುತ್ತೇನೆ.

ಇದನ್ನು ಕಲಿತದ್ದು ಪೆಟ್ಟು ತಿಂದ ಮೇಲೆ. ನಾನು ವರ್ಷವಿಡೀ ನೆಚ್ಚಿಕೊಂಡು ಕೇಳುತ್ತಿದ್ದ ಒಂದು ಕಾರ್ಯಕ್ರಮದಲ್ಲಿ ಅತಿಥಿಯೊಬ್ಬರು, ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯರ ಸರಾಸರಿ ಆಯಸ್ಸು ಸುಮಾರು 32 ವರ್ಷವಿದ್ದುದರಿಂದ ಆಗ ಮುದುಕರೇ ಇರಲಿಲ್ಲ ಎಂದುಬಿಟ್ಟರು. ಅಷ್ಟೊಂದು ಕೂಸುಗಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದುದರಿಂದ ಸರಾಸರಿ ಕುಸಿದಿತ್ತೆಂಬುದನ್ನು ಪ್ರತಿವರ್ಷ ತರಗತಿಯಲ್ಲಿ ಹೇಳುವವನು ನಾನು. ನಿರೂಪಕರು ತಲೆದೂಗಿ ಮುಂದೆ ಹೋದರು. ಹಾಗಾದರೆ ನನಗೆ ಗೊತ್ತಿಲ್ಲದ ವಿಷಯಗಳಲ್ಲಿ ಅವರು ಹೇಳಿದ್ದೆಲ್ಲವನ್ನೂ ನಾನು ನುಂಗಿಕೊಂಡಿದ್ದೆನಲ್ಲ ಎಂಬ ನಾಚಿಕೆ ಬಹಳ ದಿನ ಕಾಡಿತು.

ಅಂಕಿಸಂಖ್ಯೆಯ ವಿಚಾರದಲ್ಲಿ ಈ ಪರೀಕ್ಷೆಯನ್ನು ಗೆದ್ದದ್ದು ಬಿಬಿಸಿ ರೇಡಿಯೋ 4ರ 'ಮೋರ್ ಆರ್ ಲೆಸ್'. 2001ರಲ್ಲಿ ಶುರುವಾಗಿ, 2007ರಿಂದ ಟಿಮ್ ಹಾರ್ಫರ್ಡ್ ನಡೆಸಿಕೊಂಡು ಬಂದಿರುವ ಈ ಕಾರ್ಯಕ್ರಮ, ಸುದ್ದಿಯಲ್ಲಿ ಓಡಾಡುವ ಒಂದು ಸಂಖ್ಯೆಯನ್ನು ಹಿಡಿದು, ಅದನ್ನು ಯಾರು, ಯಾವುದರಿಂದ ಭಾಗಿಸಿ ಪಡೆದರು ಎಂದು ಬೆನ್ನಟ್ಟುತ್ತದೆ. ಓದುವುದಕ್ಕೆ ಅಮೆರಿಕದ ಮನೋವೈದ್ಯ ಸ್ಕಾಟ್ ಅಲೆಕ್ಸಾಂಡರ್ ಅವರ 'ಆಸ್ಟ್ರಲ್ ಕೋಡೆಕ್ಸ್ ಟೆನ್' ಎಂಬ ಬ್ಲಾಗ್ ಇದೆ. ಅವರ ಬರಹಗಳು ಅತಿ ಉದ್ದವೆಂಬ ನನ್ನ ತಕರಾರು ಹಾಗೇ ಇದೆ, ಆದರೆ ತಮ್ಮ ತಪ್ಪುಗಳನ್ನು ಪಟ್ಟಿ ಮಾಡುವುದಕ್ಕೆಂದೇ ಅವರು ಒಂದು ಪುಟ ಇಟ್ಟಿರುವುದನ್ನು ನೋಡಿ ನನಗೆ ಗೌರವ ಹುಟ್ಟಿತು. ಕನ್ನಡದಲ್ಲೇ ಬೇಕೆಂದರೆ 'ತಲೆ-ಹರಟೆ' ಕೇಳು, ಹೆಸರು ನೋಡಿ ಹಗುರವೆಂದುಕೊಳ್ಳಬೇಡ.

ನಿನಗೆ ಹೆಚ್ಚು ಹಿಡಿಸುವುದು ಮಾತ್ರ ಬಿಬಿಸಿಯದೇ 'ಇನ್ ಅವರ್ ಟೈಮ್' ಎಂದು ನನ್ನ ಅಂದಾಜು. ಮೆಲ್ವಿನ್ ಬ್ರ್ಯಾಗ್ 1998ರಿಂದ ಕಾಲು ಶತಮಾನಕ್ಕೂ ಹೆಚ್ಚು ಕಾಲ ನಡೆಸಿದ ಈ ಕಾರ್ಯಕ್ರಮದಲ್ಲಿ ಒಂದು ವಿಷಯ, ಮೂವರು ವಿದ್ವಾಂಸರು, ಮುಕ್ಕಾಲು ಗಂಟೆಯ ಆಸುಪಾಸು, ಅಷ್ಟೇ. ಮಾತು ಎತ್ತೆತ್ತಲೋ ಹರಿದರೆ ಬ್ರ್ಯಾಗ್ ಮುಲಾಜಿಲ್ಲದೆ ತಡೆದು, ಕೇಳಿದ್ದಕ್ಕೆ ಉತ್ತರ ಹೇಳಿ ಎನ್ನುವ ಧಾಟಿಯಲ್ಲಿ ಎಳೆದು ತರುತ್ತಾರೆ. ಸಾವಿರಕ್ಕೂ ಹೆಚ್ಚಿರುವ ಸಂಚಿಕೆಗಳಲ್ಲಿ ನೀನು 2019ರ ಐರ್ಲೆಂಡಿನ ಮಹಾಕ್ಷಾಮದ ಸಂಚಿಕೆಯಿಂದ ಶುರು ಮಾಡು. ಅಲ್ಲಿ ಆಲೂಗಡ್ಡೆಯನ್ನು ಕೊಳೆಸಿದ ಫೈಟಾಫ್ತೊರಾ ಎಂಬ ಶಿಲೀಂಧ್ರದಂಥ ರೋಗಾಣು, ನಿನ್ನ ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾದ ದಾಯಾದಿಯೇ. ಇತಿಹಾಸದ ಭಾಗವನ್ನು ನಾನು ಒಪ್ಪಿಕೊಂಡು ಕೇಳಿದೆ, ರೋಗದ ಭಾಗವನ್ನು ಒರೆಗೆ ಹಚ್ಚುವ ಅನುಭವ ನನಗಿಲ್ಲ. ಕೇಳಿದ ಮೇಲೆ ಆ ಭಾಗದ ಬಗ್ಗೆ ಬರೆ.

ಇಂತು ನಿನ್ನ ಗೆಳೆಯ