ವಿನ್ಯಾಸ ಕದ್ದ ಸರಕನ್ನು ಬಂದರಿನಲ್ಲೇ ತಡೆಯಬೇಕು

ಮಾನ್ಯ ಸಂಪಾದಕರೇ,

ಆಮದು ಆಟಿಕೆಗಳ ಮೇಲಿನ ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿಸಿತು. 2021ರ ಜನವರಿಯಿಂದ ಗುಣಮಟ್ಟದ ಗುರುತನ್ನೂ ಕಡ್ಡಾಯ ಮಾಡಿತು. ಎರಡೂ ಸ್ವಾಗತಾರ್ಹ ಕ್ರಮಗಳು. ಆದರೆ ಸುಂಕ ಕಟ್ಟಿ, ಗುಣಮಟ್ಟದ ಗುರುತು ಪಡೆದು ಬರುವ ಸರಕು ನಮ್ಮವರ ವಿನ್ಯಾಸದ ನಕಲೇ ಆಗಿದ್ದರೆ, ಅದನ್ನು ಇವು ತಡೆಯುವುದಿಲ್ಲ.

ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆಯಲ್ಲ ಎನ್ನುವವರಿದ್ದಾರೆ. ಆ ಮಾನ್ಯತೆ ಹೆಸರನ್ನು ಕಾಯುತ್ತದೆಯೇ ಹೊರತು ಆಕಾರವನ್ನಲ್ಲ. ಆಲೆ ಮರದ ತುಂಡನ್ನು ಲೇತ್‌ಗೆ ಕೊಟ್ಟು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿ, ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿದ ಮೇಲೆ ಕೇದಗೆ ಗರಿಯಿಂದ ಹೊಳಪು ಕೊಟ್ಟು ಕುಶಲಕರ್ಮಿಯೊಬ್ಬರು ಹೊಸ ಬಗೆಯ ಗಿಲಕಿ ಮಾಡುತ್ತಾರೆ ಎಂದುಕೊಳ್ಳೋಣ. ಅದೇ ಆಕಾರವನ್ನು ಪ್ಲಾಸ್ಟಿಕ್‌ನಲ್ಲಿ ಅಚ್ಚು ಹಾಕಿಸಿ, ಚನ್ನಪಟ್ಟಣದ ಹೆಸರೆತ್ತದೆ ತರಿಸಿದವರನ್ನು ಆ ಕಾನೂನು ಮುಟ್ಟಲಾರದು. ಆಗ ನೆರವಿಗೆ ಬರಬೇಕಾದದ್ದು 2000ದ ವಿನ್ಯಾಸ ಕಾಯ್ದೆ ಮತ್ತು ಆಮದು ಸರಕಿನಲ್ಲಿ ಬೌದ್ಧಿಕ ಸ್ವತ್ತಿನ ಹಕ್ಕು ಕಾಯುವ 2007ರ ಕಸ್ಟಮ್ಸ್ ನಿಯಮಗಳು.

ವಿನ್ಯಾಸ ನೋಂದಾಯಿಸಿದವರು ಕಸ್ಟಮ್ಸ್‌ಗೆ ಮೊದಲೇ ನೋಟಿಸ್ ಕೊಟ್ಟು ದಾಖಲಿಸಿದ್ದರೆ, ಶಂಕಿತ ಸರಕಿನ ಬಿಡುಗಡೆಯನ್ನು ಅಧಿಕಾರಿಗಳು ತಡೆಹಿಡಿಯಬಹುದು. 2018ರಲ್ಲಿ ಈ ನಿಯಮಗಳಿಂದ ಪೇಟೆಂಟ್ ಕೈಬಿಟ್ಟರೂ ವಿನ್ಯಾಸವನ್ನು ಉಳಿಸಿಕೊಂಡದ್ದು ಸರಿಯಾದ ತೀರ್ಮಾನ. ನೋಂದಣಿಯ ಚಿತ್ರದ ಪಕ್ಕದಲ್ಲಿ ವಸ್ತುವನ್ನಿಟ್ಟು ಹೋಲಿಸುವುದು ಬಂದರಿನ ಅಧಿಕಾರಿಗೆ ಆಗದ ಕೆಲಸವೇನಲ್ಲ. ತೊಡಕಿರುವುದು ಮುಂದಿನ ಹಂತದಲ್ಲಿ. ಸರಕು ತಡೆಹಿಡಿದ 10 ಕೆಲಸದ ದಿನಗಳೊಳಗೆ ಹಕ್ಕುದಾರರು ಕಸ್ಟಮ್ಸ್ ವಿಚಾರಣೆಯಲ್ಲಿ ಭಾಗಿಯಾಗಬೇಕು, ಬಾಂಡ್ (ಮುಚ್ಚಳಿಕೆ) ಮತ್ತು ಭದ್ರತೆ ಒದಗಿಸಬೇಕು, ಸರಕನ್ನು ಇರಿಸಿಕೊಳ್ಳುವ ಹಾಗೂ ನಾಶಪಡಿಸುವ ಖರ್ಚನ್ನೂ ಹೊರಬೇಕು. ಮನೆಯ ಹಿಂಬದಿಯಲ್ಲಿ ಎರಡು ಲೇತ್ ಇಟ್ಟುಕೊಂಡು ದುಡಿಯುವವರಿಗೆ ಇದು ಎಟುಕುವ ಮಾತೇ?

ಬಂದರು ದಾಟಿದ ಮೇಲೆ ಹೋರಾಡಬಹುದಲ್ಲ ಎಂದರೆ, ನಕಲು ಮಾಡಿದವರಿಂದ ವಸೂಲಿ ಮಾಡಬಹುದಾದ ಮೊತ್ತಕ್ಕೆ ವಿನ್ಯಾಸ ಕಾಯ್ದೆಯ 22ನೇ ಕಲಂ ಪ್ರತಿ ಉಲ್ಲಂಘನೆಗೆ ಗರಿಷ್ಠ 25,000 ರೂಪಾಯಿ, ಒಂದು ವಿನ್ಯಾಸಕ್ಕೆ ಒಟ್ಟು 50,000 ರೂಪಾಯಿ ಮಿತಿ ಹಾಕಿದೆ. ಕಂಟೇನರ್‌ಗಟ್ಟಲೆ ಸರಕು ತರಿಸುವವರಿಗೆ ಇದು ವ್ಯಾಪಾರದ ಸಣ್ಣ ಖರ್ಚಷ್ಟೆ. ಹೆಚ್ಚಿನ ಪರಿಹಾರ ಬೇಕೆಂದರೆ ನ್ಯಾಯಾಲಯದಲ್ಲಿ ದಾವೆ ಹೂಡಬೇಕು. ತೀರ್ಪು ಬರುವಷ್ಟರಲ್ಲಿ ಸಂತೆಯ ಅಂಗಡಿಗಳಿಗೂ ನಕಲು ಹಬ್ಬಿರುತ್ತದೆ.

ಆದ್ದರಿಂದ ಕರ್ನಾಟಕ ರಾಜ್ಯ ಕರಕುಶಲ ಅಭಿವೃದ್ಧಿ ನಿಗಮವು ಕುಶಲಕರ್ಮಿಗಳ ಪರವಾಗಿ ತಾನೇ ಬಾಂಡ್‌ಗೆ ಜಾಮೀನು ನಿಲ್ಲಬೇಕು, ಕಸ್ಟಮ್ಸ್ ದಾಖಲಾತಿಯ ಹೊಣೆಯನ್ನೂ ಹೊರಬೇಕು. ವ್ಯಕ್ತಿಗಳಿಗೆ ವಿನ್ಯಾಸ ನೋಂದಣಿಯ ಅರ್ಜಿ ಶುಲ್ಕ 1,000 ರೂಪಾಯಿ ಮಾತ್ರ. ಆದರೆ ವಾಟ್ಸ್‌ಆ್ಯಪ್‌, ಇನ್‌ಸ್ಟಾಗ್ರಾಂಗಳಲ್ಲಿ ಚಿತ್ರ ಹಂಚಿ ಬಹಿರಂಗಗೊಂಡ ವಿನ್ಯಾಸಕ್ಕೆ ನೋಂದಣಿ ಸಿಗುವುದಿಲ್ಲ ಎಂಬುದನ್ನು ಪ್ರತಿ ಕಾರ್ಯಾಗಾರಕ್ಕೂ ಹೋಗಿ ಕನ್ನಡದಲ್ಲೇ ತಿಳಿಸುವ ಕೆಲಸವೂ ನಿಗಮದ್ದೇ ಆಗಬೇಕು.

– ಓದುಗ, ಚನ್ನಪಟ್ಟಣ